ಸಿಇಟಿ ಆಪ್ಷನ್ ಎಂಟ್ರಿ: ಗದ್ದಲ ಆಗದವರಿಗೆ ಯಾವ ಕಾಲೇಜು ಸರಿಹೋಗುತ್ತೆ?

ತುಂಗಾ ತೀರದಾಕಿ
ಎಲ್ಲರಿಗೂ ನಮಸ್ಕಾರ್ರಿ. ಈ ಸಲ ಸೆಕೆಂಡ್ ಪಿಯು ಮುಗಿಸೀನಿ, ಸಿಇಟಿ ರ‍್ಯಾಂಕ್ ಹದಿನೇಳು ಸಾವಿರ ಚಿಲ್ಲರ ಬಂದೈತಿ. ರಾಣೇಬೆನ್ನೂರ ತಾಲೂಕು ನಮ್ದು, ಒಂದರಿಂದ ಹತ್ತರ ತನಕ ಊರಾಗಿನ ಸರ್ಕಾರಿ ಸಾಲಿ, ಕನ್ನಡ ಮೀಡಿಯಂ, ಹಂಗಾಗಿ ರೂರಲ್ ಮತ್ತ ಕನ್ನಡ ಮೀಡಿಯಂ ಎರಡೂ ಕ್ಲೇಮ್ ಹಾಕೀನಿ. ಆಪ್ಷನ್ ಎಂಟ್ರಿ, ಅಂದ್ರ ಬೇಕಾದ ಕಾಲೇಜು ಬ್ರಾಂಚು ಸಾಲಾಗಿ ಬರಿಯೋದು, ಶುರು ಆಗೈತಿ, ಮನ್ಯಾಗ ಒಬ್ಬೊಬ್ರು ಒಂದೊಂದ್ ಹೇಳಾಕತ್ತಾರ. ಅಪ್ಪ ಎಪಿಎಂಸಿ ಅಂಗಡ್ಯಾಗ ಲೆಕ್ಕ ಬರೀತಾರ, ಅವರ ಸಾವಕಾರ್ರ ಮಗ ಬೆಂಗಳೂರಾಗ ಓದ್ಯಾನಂತ, ಅದಕ್ಕ ಬೆಂಗಳೂರಿಗೇ ಹಾಕು ಅಂತಾರ. ಮಾಮಾ ದಾವಣಗೆರಿಗೆ ದಿನಾ ಹೋಗಿ ಬಾ, ಬಸ್ ಫ್ರೀ ಐತಲ್ಲ ಅಂತಾನ.

ನನ್ನ ಬಗ್ಗೆ ಹೇಳಬೇಕಂದ್ರ, ಗಣಿತ ಭಾಳ ಇಷ್ಟ. ಪಿಯುನಾಗ ಪಿಸಿಎಂಬಿ, ಹಂಗಾಗಿ ಕೋಡಿಂಗ್ ಅಂದ್ರ ಏನಂತ ಗೊತ್ತಿಲ್ಲ. ಮಾತು ಕಡಿಮಿ. ಗೆಳತ್ಯಾರು ಇಬ್ರೋ ಮೂವರೋ ಇದ್ರ ಸಾಕು, ಆದ್ರ ಅವರ ಜೋಡಿ ಮನಸ್ ಬಿಚ್ಚಿ ಮಾತಾಡಾಕ ಬರಬೇಕು. ಡಿಜೆ ಹಚ್ಚಿ ಕುಣಿಯೋದು ಆಗಿಬರಂಗಿಲ್ಲ. ವಾಲಿಬಾಲ್ ಆಡ್ತೀನಿ, ಗ್ರೌಂಡ್ ಬೇಕು. ಇಂಗ್ಲಿಷ್ ಓದಾಕ ಬರ್ತೈತಿ, ಎದ್ದು ನಿಂತು ಮಾತಾಡು ಅಂದ್ರ ನಾಲಿಗಿ ಏಳಂಗಿಲ್ಲ.

ಸದ್ಯ ಲಿಸ್ಟಿನ್ಯಾಗ ಇರೋವು: ಹುಬ್ಬಳ್ಳಿ ಬಿವಿಬಿ, ಮೈಸೂರು ಎನ್‌ಐಇ, ದಾವಣಗೆರಿ ಯುಬಿಡಿಟಿ ಮತ್ತ ಬಿಐಇಟಿ, ಬೆಂಗಳೂರು ಯುವಿಸಿಇ, ಆಮ್ಯಾಲ ಬೆಂಗಳೂರಿನ ಹೊರಗಿರೋ ಒಂದು ಹೊಸಾ ಕಾಲೇಜು, ಅಲ್ಲಿ ಸಿಎಸ್ (ಕಂಪ್ಯೂಟರ್ ಸೈನ್ಸ್) ಗ್ಯಾರಂಟಿ ಸಿಗತೈತಿ ಅಂತಾರ. ಇಸಿನೋ (ಎಲೆಕ್ಟ್ರಾನಿಕ್ಸ್) ಸಿಎಸ್ಸೋ ಅದೂ ನಿರ್ಧಾರ ಆಗಿಲ್ಲ. ಯಾವುದನ್ನ ಮ್ಯಾಲ ಹಾಕ್ಲಿ?

ಸಿಲಿಕಾನ್ ಸಿದ್ದ
ಇದ್ರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನಿದೆ? ಬೆಂಗಳೂರು, ಸಿಎಸ್, ಮುಗೀತು. ಕಂಪನಿಗಳು ಇರೋದು ಇಲ್ಲಿ, ಇಂಟರ್ನ್‌ಶಿಪ್ ಸಿಗೋದು ಇಲ್ಲಿ, ಹ್ಯಾಕಥಾನು ಮೀಟಪ್ಪು ಎಲ್ಲಾ ಇಲ್ಲೇ. ಫ್ರೆಂಡ್ಸು ಗ್ರೌಂಡು ಅಂತೆಲ್ಲ ನೋಡ್ಕೊಂಡು ಯಾರಾದ್ರೂ ಕಾಲೇಜು ಸೇರ್ತಾರಾ. ನಾಲ್ಕು ವರ್ಷ ಕಣ್ಮುಚ್ಚಿ ಬಿಡೋದ್ರೊಳಗೆ ಹೋಗುತ್ತೆ.

ಸಕ್ಕರೆ ನಾಡ ಹೈದ
ಹೋಯ್ತದೆ ಹೋಯ್ತದೆ, ಕಣ್ಮುಚ್ಕಂಡೇ ಇದ್ರೆ ಹೋಯ್ತದೆ. ಸಿದ್ದಣ್ಣ, ಅವ್ಳು ಗದ್ಲ ಆಗಲ್ಲ ಅಂತ ಬರ್ದವ್ಳೆ, ನೀನು ಸೀದಾ ಕರ್ಕೊಂಡೋಗಿ ಸಿಲ್ಕ್ ಬೋರ್ಡಲ್ ನಿಲ್ಲಿಸ್ತಿದ್ದೀಯಲ್ಲ.

ತಂಗಿ, ಯಾರೂ ಹೇಳ್ದೇ ಇರೋದೊಂದು ಹೇಳ್ತೀನಿ ಕೇಳು. ಒಂದು ಬ್ರಾಂಚಿಗೆ ಇಷ್ಟೇ ಸೀಟು ಅಂತ ಇಂಜಿನಿಯರಿಂಗ್ ಕಾಲೇಜುಗಳ್ನ ನೋಡ್ಕೊಳ್ಳೋ ಎಐಸಿಟಿಇ ಮಿತಿ ಹಾಕಿತ್ತು, 2024-25ರಿಂದ ಅದನ್ನ ತೆಗ್ದಾಕ್ಬುಟ್ಟದೆ. ಆಮೇಲಿಂದ ಕೆಲವ್ ಕಡೆ ಸಿಎಸ್ ಸೆಕ್ಷನ್ನು ಎ ಬಿ ಸಿ ಡಿ ದಾಟಿ ಎಲ್ಲೆಲ್ಲಿಗೋ ಹೋಗದೆ, ಅದ್ರ ಮೇಲೆ ಎಐ ಎಂಎಲ್, ಡೇಟಾ ಸೈನ್ಸು, ಸೈಬರ್ ಸೆಕ್ಯೂರಿಟಿ ಅಂತ ಅದಕ್ಕೇ ಬ್ಯಾರೆ ಬ್ಯಾರೆ ಹೆಸ್ರು. ಫಸ್ಟ್ ಇಯರ್ ಮಕ್ಳು ಊಟಕ್ ಬಿಟ್ರೆ ಕ್ಯಾಂಟೀನಲ್ಲಿ ಊರ್ ಜಾತ್ರೆ. ಅಷ್ಟು ಮಕ್ಳಿಗೆ ಪಾಠ ಮಾಡೋರು ಎಲ್ಲಿಂದ ಬಂದ್ರು, ನಿನ್ನೆ ಎಂಟೆಕ್ ಮುಗ್ಸಿ ಇವತ್ತು ಸೇರ್ಕಂಡೋರೋ ಏನೋ. ಗ್ಯಾರಂಟಿ ಸಿಗ್ತದೆ ಅನ್ನೋ ಸಿಎಸ್ ಸೀಟು ಯಾಕೆ ಗ್ಯಾರಂಟಿ ಸಿಗ್ತದೆ ಅಂತ ಒಂದ್ಸಲ ನೀನೇ ಕೇಳ್ಕೊ.

ಮೇಷ್ಟ್ರು (ರಿಟೈರ್ಡ್)
ತಾಯಿ, ನಿನ್ನ ಪಟ್ಟಿಯಲ್ಲಿ ಆ ಒಂದು ಬಿಟ್ರೆ ಉಳಿದವೆಲ್ಲ ಹಳೇವು. ಯುವಿಸಿಇ 1917ರದ್ದು, ಎನ್‌ಐಇ 1946, ಬಿವಿಬಿ 1947, ಯುಬಿಡಿಟಿ 1951, ಬಿಐಇಟಿ 1979. ಹಳೇದೆಲ್ಲಾ ಒಳ್ಳೇದು ಅಂತ ನಾನು ಹೇಳಲ್ಲ, ಆದ್ರೆ ಗ್ರೌಂಡು, ಲೈಬ್ರರಿ, ಹಳೇ ವಿದ್ಯಾರ್ಥಿಗಳ ಬಳಗ ಇವೆಲ್ಲ ಎರಡು ವರ್ಷದಲ್ಲಿ ಎದ್ದು ನಿಲ್ಲೋವಲ್ಲ.

ಓದಿನ ವಿಷಯಕ್ಕೆ ಬಂದ್ರೆ ಮೊದಲು ನೋಡಬೇಕಾದ್ದು ಪರೀಕ್ಷೆ ಯಾರು ಮಾಡ್ತಾರೆ ಅಂತ. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಪೇಪರ್ ಬರೆಯೋ ಕಾಲೇಜುಗಳಲ್ಲಿ ರಾಜ್ಯಕ್ಕೆಲ್ಲ ಒಂದೇ ಪ್ರಶ್ನೆಪತ್ರಿಕೆ, ನಿಮ್ಮ ಮೇಷ್ಟ್ರು ಒತ್ತಿ ಹೇಳಿದ್ದು ಒಂದು, ಪೇಪರಲ್ಲಿ ಬಂದಿದ್ದು ಇನ್ನೊಂದು ಆಗಬಹುದು. ಆಟೊನಮಸ್ ಕಾಲೇಜಲ್ಲಿ, ಸ್ವಂತ ವಿಶ್ವವಿದ್ಯಾಲಯ ಆಗಿರೋ ಕಡೆ (ಬಿವಿಬಿ 2015ರಲ್ಲಿ ಕೆಎಲ್‌ಇ ಟೆಕ್ ಆಯ್ತು, ಯುವಿಸಿಇಗೂ 2021ರಲ್ಲಿ ಪ್ರತ್ಯೇಕ ಕಾಯ್ದೆ ಬಂತು) ಸಿಲಬಸ್ಸೂ ಅವರದ್ದೇ ಪೇಪರೂ ಅವರದ್ದೇ. ಆದ್ರೆ ಕ್ವಿಜ್ಜು, ಅಸೈನ್‌ಮೆಂಟು, ಇಂಟರ್ನಲ್ಸು ಅಂತ ಸೆಮಿಸ್ಟರ್ ಪೂರ್ತಿ ಬಿಡುವಿಲ್ಲದ ಓಟ. ಪ್ರಶ್ನೆಪತ್ರಿಕೆ ಹಳೇವು ಹಾಕ್ಕೊಂಡು ಕೊನೇ ತಿಂಗಳು ಕೂತು ಓದೋ ಮಕ್ಕಳು ವಿಟಿಯು ಪದ್ಧತೀಲಿ ಆರಾಮಾಗಿರ್ತಾರೆ, ದಿನಾ ಒಂದಿಷ್ಟು ಓದೋರಿಗೆ ಆಟೊನಮಸ್ ಒಗ್ಗುತ್ತೆ. ನೀನು ಯಾವ ಥರದವಳು ಅನ್ನೋದು ನಿನಗೇ ಗೊತ್ತಿರುತ್ತೆ.

ಎರಡನೇದು, ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಕಾಲೇಜು ಕೊಟ್ಟ ಮಾಹಿತಿಯ ಪಿಡಿಎಫ್ ಅವರವರ ವೆಬ್‌ಸೈಟಲ್ಲೇ ಇರುತ್ತೆ. ರ‍್ಯಾಂಕ್ ಬಿಡು, ಒಳಗಿನ ಕೋಷ್ಟಕ ತೆಗೆದು ನೋಡು. ಹುಡುಗರೆಷ್ಟು ಹುಡುಗಿಯರೆಷ್ಟು, ರಾಜ್ಯದವರೆಷ್ಟು ಹೊರಗಿನವರೆಷ್ಟು, ಆರ್ಥಿಕವಾಗಿ ಹಿಂದುಳಿದವರೆಷ್ಟು, ಎಲ್ಲಾ ಒಂದೇ ಸಾಲಲ್ಲಿದೆ. ಯಾರ ಜೊತೆ ನಾಲ್ಕು ವರ್ಷ ಕಳೀತೀಯ ಅನ್ನೋದಕ್ಕೆ ಇದಕ್ಕಿಂತ ನೇರವಾದ ಕಾಗದ ಇಲ್ಲ. ಅದರ ಕೆಳಗೆ ಮೀಡಿಯನ್ ಸಂಬಳ ಕೊಟ್ಟಿರ್ತಾರೆ, ಅಂದ್ರೆ ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ ನಟ್ಟನಡುವೆ ಇರೋರಿಗೆ ಬಂದದ್ದು. ಹೆದ್ದಾರಿ ಬ್ಯಾನರಲ್ಲಿರೋ ಹೈಯೆಸ್ಟ್ ಪ್ಯಾಕೇಜು ಒಬ್ಬನದ್ದು. ಪಕ್ಕದಲ್ಲೇ ಮುಂದಕ್ಕೆ ಓದೋಕೆ ಹೋದವರ ಸಂಖ್ಯೆ ಇದೆ, ಗಣಿತ ಇಷ್ಟ ಅಂದ್ಯಲ್ಲ, ಆ ಅಂಕಿ ನಿನಗೆ ಬೇಕಾದ್ದು. ಹಾಂ, ಎನ್‌ಬಿಎ ಮಾನ್ಯತೆ ಕೊಡೋದು ಬ್ರಾಂಚಿಗೆ, ಇಡೀ ಕಾಲೇಜಿಗಲ್ಲ. ಗೇಟಿನ ಮೇಲೆ ಎನ್‌ಬಿಎ ಅಂತ ಬರೆದಿದ್ರೆ ಯಾವ ಬ್ರಾಂಚಿಗೆ ಅಂತ ಕೇಳು.

ತುಂಗಾ ತೀರದಾಕಿ
ಸರ್, ಈಗ ಮೂರು ಕಾಲೇಜಿಂದು ತಗದ್ ನೋಡಿದ್ನಿ. ಆ ಗ್ಯಾರಂಟಿ ಕಾಲೇಜಿನ ವೆಬ್‌ಸೈಟಿನ್ಯಾಗ ಡ್ರೋನ್ ವಿಡಿಯೋ ಐತಿ, ಈ ಪಿಡಿಎಫ್ ಮಾತ್ರ ಹುಡುಕಿ ಹುಡುಕಿ ಸಾಕಾತು. ಫ್ಯಾಕಲ್ಟಿ ಲಿಸ್ಟಿನ್ಯಾಗ ಸೇರಿದ ತಾರೀಖು ಕೊಟ್ಟಾರ, ಅರ್ಧಕ್ಕರ್ಧ ಮಂದಿ ಹೋದ ವರ್ಷನ ಸೇರ್ಯಾರ. ಅಪ್ಪಗ ತೋರ್ಸಿದ್ನಿ. ಲೆಕ್ಕದ ಮನಷ್ಯಾ ನೋಡ್ರಿ, ಕನ್ನಡಕ ಹಾಕ್ಕೊಂಡು ಕೂತು ಒಂದೊಂದ ಸಾಲು ಓದಿ "ಇವ್ರು ಖಾತೆನ ಸರಿ ಇಟ್ಟಿಲ್ಲಲ್ಲ" ಅಂದ್ರು.

ಸಕ್ಕರೆ ನಾಡ ಹೈದ
ನಿಮ್ಮಪ್ಪಂಗೆ ನನ್ ಕಡೆಯಿಂದ ಒಂದು ನಮಸ್ಕಾರ ಹೇಳು.

ಕುಡ್ಲದ ಗಾಳಿ
ವಾಲಿಬಾಲ್ ಅಂದ್ರಲ್ಲ, ಅದಕ್ಕೆ ಹೇಳ್ತೇನೆ. ಬ್ರೋಷರಿನಲ್ಲಿ ಗ್ರೌಂಡ್ ಎಲ್ಲಾ ಕಡೆ ಉಂಟು. ಸಂಜೆ ಐದೂವರೆಗೆ ಅಲ್ಲಿ ಯಾರು ಆಡ್ತಾ ಇದ್ದಾರೆ ಅಂತ ನೋಡ್ಬೇಕು ಆಯ್ತಾ. ಹುಡುಗರೇ ಪೂರಾ ತುಂಬಿಕೊಂಡು ಹುಡುಗಿಯರ ನೆಟ್ ಸ್ಟೋರ್ ರೂಮಿನಲ್ಲಿ ಮಡಚಿಟ್ಟಿದ್ರೆ ನಿಮ್ಗೆ ಗ್ರೌಂಡ್ ಇದ್ದೂ ಇಲ್ಲ. ಪಿಇ ಸರ್ ಹತ್ರ ಹೋಗಿ ವಿಮೆನ್ಸ್ ಟೀಮ್ ಉಂಟಾ, ಇಂಟರ್ ಕಾಲೇಜಿಗೆ ಹೋಗ್ತದಾ ಅಂತ ಕೇಳಿ, ಎರಡೇ ನಿಮಿಷದ ಕೆಲಸ.

ಮತ್ತೆ ಹಾಸ್ಟೆಲ್ ಗೇಟ್ ಟೈಮ್ ಕೇಳಿ. ಹುಡುಗರಿಗೆ ಎಷ್ಟು ಗಂಟೆ, ಹುಡುಗಿಯರಿಗೆ ಎಷ್ಟು ಗಂಟೆ ಅಂತ ಎರಡೂ ಕೇಳ್ಬೇಕು ಮಾರಾಯ್ರೆ. ಲೈಬ್ರರಿ ರಾತ್ರಿ ಒಂಬತ್ತರ ತನಕ ತೆರೆದಿರ್ತದೆ ಅಂತ ಹೆಮ್ಮೆಯಿಂದ ಹೇಳ್ತಾರೆ, ಹುಡುಗಿಯರ ಗೇಟ್ ಆರೂವರೆಗೇ ಬಂದ್ ಅಂತಾದ್ರೆ ಆ ಲೈಬ್ರರಿ ಯಾರಿಗೆ? ನಾನು ಓದಿದ ಕಡೆ ಇದೇ ಕತೆ, ಹೆಸರು ಬೇಡ. ಪ್ರಾಜೆಕ್ಟಿನ ಕೆಲಸ ಎಲ್ಲ ಹುಡುಗರು ರಾತ್ರಿ ಲ್ಯಾಬಲ್ಲಿ ಕೂತು ಮಾಡುದು, ನಾವು ರೂಮಿನಲ್ಲಿ ಪಿಪಿಟಿ ಮಾಡುದು. ಕೆಲವರ ಮನೆಯಲ್ಲಿ ಬೇಗ ಗೇಟ್ ಹಾಕುವ ಹಾಸ್ಟೆಲೇ ಒಳ್ಳೇದು ಅಂತ ಹುಡುಕಿ ಸೇರಿಸ್ತಾರೆ, ಎಂತ ಮಾಡುದು.

ಕಲ್ಪತರು ನಾಡಿನ ಅಮ್ಮ
ನನ್ನ ಮಗಳು ಈಗ ಮೂರನೇ ವರ್ಷ, ಹಾಸ್ಟೆಲ್. ಅಪ್ಪ ಅಮ್ಮಂದಿರು ಕಾಲೇಜು ನೋಡೋಕೆ ಭಾನುವಾರ ಹೋಗ್ತಾರೆ, ಆವತ್ತು ಎಲ್ಲಾ ಕಾಲೇಜೂ ಚೆನ್ನಾಗೇ ಕಾಣುತ್ತೆ. ಪಾಠ ನಡೆಯೋ ದಿನ ಹೋಗಿ. ಪ್ರಿನ್ಸಿಪಾಲ್ರು ಅಡ್ಮಿಷನ್ ಆಫೀಸು ಎಲ್ಲಾ ಆಮೇಲೆ, ಮೊದಲು ಕ್ಯಾಂಟೀನಲ್ಲಿ ಒಂದು ಕಾಫಿ ತಗೊಂಡು ಕೂತ್ಕೊಳ್ಳಿ. ಎರಡನೇ ವರ್ಷದ ಹುಡುಗಿಯರು ಸಿಕ್ರೆ ಅವರನ್ನ ಕೇಳಿ, ಮೊದಲನೇ ವರ್ಷದೋರಿಗೆ ಇನ್ನೂ ಎಲ್ಲಾ ಹೊಸದು, ಕೊನೇ ವರ್ಷದೋರಿಗೆ ಪ್ಲೇಸ್‌ಮೆಂಟ್ ಬಿಟ್ಟು ಬೇರೇನೂ ತಲೆಯಲ್ಲಿರಲ್ಲ. "ಹೇಗಿದೆ ಕಾಲೇಜು" ಅಂದ್ರೆ ಸೂಪರ್ ಆಂಟಿ ಅಂತಾರೆ ಅಷ್ಟೆ. ನಿನ್ನೆ ಸಂಜೆ ಕ್ಲಾಸ್ ಬಿಟ್ಮೇಲೆ ಏನ್ ಮಾಡಿದ್ರಿ ಅಂತ ಕೇಳಿ, ರಾತ್ರಿ ಜ್ವರ ಬಂದ್ರೆ ಯಾರಿಗೆ ಫೋನ್ ಮಾಡ್ತೀರಾ ಅಂತ ಕೇಳಿ, ಆವಾಗ ಬಾಯಿ ಬಿಡ್ತಾರೆ.

ಇನ್ನೊಂದು, ಸಿಇಟಿ ಸೀಟು ಸಿಕ್ಕಿದ ತಕ್ಷಣ ಹಾಸ್ಟೆಲೂ ಸಿಕ್ತು ಅಂದ್ಕೋಬೇಡಿ. ಹಾಸ್ಟೆಲ್ ಫೀಸು ಬೇರೆ, ಕೆಲವು ಕಡೆ ಫಸ್ಟ್ ಇಯರ್‌ನೋರಿಗೆ ಮಾತ್ರ, ಆಮೇಲೆ ಪಿಜಿ ಹುಡುಕ್ಕೋಬೇಕು. ಬಿಸಿಎಂ ಹಾಸ್ಟೆಲ್‌ಗೂ ಅರ್ಜಿ ಹಾಕಿಡು ಮಗಳೇ, ಹಿಂದುಳಿದ ವರ್ಗದೋರಾಗಿದ್ದು ಅಲ್ಲೂ ಸಿಗಲಿಲ್ಲ ಅಂದ್ರೆ ವಿದ್ಯಾಸಿರಿ ಅಂತ ಇದೆ, ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ದುಡ್ಡು ಕೊಡ್ತಾರೆ. ಪಿಜಿ ಬಾಡಿಗೆಗೆ ಸಾಲಲ್ಲ, ಊಟಕ್ಕೆ ಒಂದು ಆಸರೆ. ಊಟ ಅಂದೆ ನೋಡು, ನಿಮ್ಮ ಕಡೆಯೋರು ರೊಟ್ಟಿ ಉಣ್ಣೋರು, ಮೈಸೂರಲ್ಲಿ ಮೂರ್ಹೊತ್ತೂ ಅನ್ನ ಅಂತ ಆಮೇಲೆ ಬೇಜಾರ್ ಮಾಡ್ಕೋಬೇಡ.

ಬೆಳಗಿನ ಫಸ್ಟ್ ಬಸ್
ದಿನಾ ಓಡಾಡೋ ವಿಷ್ಯಕ್ಕ ನಾನು ಹೇಳ್ತೀನಿ, ಯಾಕಂದ್ರ ನಾನು ಹರಿಹರದ ಆಚಿ ಹಳ್ಳಿಯಿಂದ ದಾವಣಗೆರಿಗೆ ಓಡಾಡಿ ಡಿಗ್ರಿ ತಗಂಡಾಕಿ. 2023ರ ಜೂನಲ್ಲಿ ಶಕ್ತಿ ಬಂದ ಮ್ಯಾಲ ಹೆಣ್ಮಕ್ಕಳಿಗೆ ಬಸ್ಸಿನ ರೊಕ್ಕದ ಚಿಂತಿ ಹೋಗೇತಿ, ನಿಜ. ಅಮ್ಮನ ಕೈ ಊಟ, ಮನಿ ಹಾಸಿಗಿ, ಹಾಸ್ಟೆಲ್ ಖರ್ಚಿಲ್ಲ. ಆದ್ರ ರಾಣೇಬೆನ್ನೂರಿಂದ ದಾವಣಗೆರಿ ಒಂದ್ ತಾಸಿನ ಮ್ಯಾಲ, ನಿಮ್ಮೂರಿಂದ ರಾಣೇಬೆನ್ನೂರಿಗೆ ಬ್ಯಾರೆ, ಬಸ್ ಸ್ಟ್ಯಾಂಡಿಂದ ಕಾಲೇಜಿಗೆ ಬ್ಯಾರೆ. ಫ್ರೀ ಆದ ಮ್ಯಾಲ ಕೂರಾಕ ಜಾಗ ಸಿಗೋದೂ ಕಷ್ಟ, ಬಸ್ಸಾಗ ಓದ್ತೀನಿ ಅನ್ನೋದು ಬರೇ ಮಾತು.

ವಿಟಿಯುನಾಗ ಅಟೆಂಡೆನ್ಸ್ 85 ಪರ್ಸೆಂಟ್ ಬೇಕು, ಮಳಿಗಾಲದಾಗ ಬಸ್ ತಪ್ಪಿದ್ರ ಫಸ್ಟ್ ಅವರ್ ಹೋತು, ಅದೇ ಸಬ್ಜೆಕ್ಟಾಗ ಶಾರ್ಟೇಜ್. ಲ್ಯಾಬ್ ಬಿಟ್ಟ ಕೂಡ್ಲೆ ಓಡೋದು. ನನ್ನ ಕ್ಲಾಸಿನ ಹಾಸ್ಟೆಲ್ ಹುಡುಗ್ಯಾರು ಇವತ್ತಿಗೂ ಒಬ್ರಿಗೊಬ್ರು ಮದಿವಿ ಸೀಮಂತಕ್ಕ ಹೋಗ್ತಾರ, ನನಗ ಅವರ ಹೆಸರು ಗೊತ್ತು ಅಷ್ಟ. ನನ್ನ ಗೆಳತ್ಯಾರು ಅಂದ್ರ ಬಸ್ಸಿನ್ಯಾರು, ಅದರಾಗ ಒಬ್ಬಾಕಿ ನರ್ಸಿಂಗು, ಒಬ್ಬಾಕಿ ಬಿಎಡ್ಡು. ಅದೂ ಒಂದು ಗೆಳೆತನನ ಬಿಡು, ಚಲೋನ ಇತ್ತು. ನಿನಗ ಸಂಜಿ ಮುಂದ ವಾಲಿಬಾಲ್ ಬೇಕಂದ್ರ ಮಾತ್ರ ದಿನಾ ಓಡಾಟ ಬ್ಯಾಡ. ದಾವಣಗೆರಿ ಹಾಕೋದಾದ್ರ ಅಲ್ಲೇ ಹಾಸ್ಟೆಲ್ ಹಿಡಿ.

ಸಿಲಿಕಾನ್ ಸಿದ್ದ
ಎಲ್ಲರೂ ಸೇರಿ ಹುಡುಗೀನ ಕಂಫರ್ಟ್ ಝೋನಲ್ಲೇ ಕೂರಿಸ್ತಿದ್ದೀರ. ಮಾತು ಬರಲ್ಲ ಅನ್ನೋರು ಮಾತು ಬರೋ ಜಾಗಕ್ಕೇ ಹೋಗ್ಬೇಕು. ನಾಳೆ ಇಂಟರ್ವ್ಯೂಲಿ "ಸರ್ ನಂಗೆ ಗದ್ದಲ ಆಗಲ್ಲ" ಅಂತಾಳಾ? ನಮ್ಮ ಟೀಮಲ್ಲಿ ದಿನಾ ಬೆಳಗ್ಗೆ ಕಾಲ್‌ನಲ್ಲಿ ಎಲ್ಲರೂ ಮಾತಾಡ್ಲೇಬೇಕು, ಅದೂ ಇಂಗ್ಲಿಷಲ್ಲಿ.

ಯಾದಗಿರಿ ಟು ಕೆಆರ್ ಸರ್ಕಲ್
ಸಿದ್ದಣ್ಣ, ನೀವ್ ಹೇಳಿದ್ದು ಅರ್ಧ ಖರೇ ಅದ. ನಾನೂ ಕನ್ನಡ ಮೀಡಿಯಂ, 371ಜೆದಾಗ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಸೀಟು ತಗೊಂಡು ಬೆಂಗಳೂರಿಗಿ ಬಂದಾಂವ. ಮಾತು ಕಲಿಸಿದ್ದು ಊರಲ್ಲ, ಲ್ಯಾಬ್ ಬ್ಯಾಚು. ಫಸ್ಟ್ ಸೆಮ್‌ನಾಗ ಯುಎಸ್‌ಎನ್ ಪ್ರಕಾರ ಬ್ಯಾಚ್ ಮಾಡ್ತಾರ, ಯುಎಸ್‌ಎನ್ ಅಂದ್ರ ಯುನಿವರ್ಸಿಟಿ ಸೀಟ್ ನಂಬರು, ಹೆಸರಿನ ಅಕ್ಷರದ ಸಾಲಿನ್ಯಾಗ ಕೊಡ್ತಾರ, ನಿನ್ನ ಹಿಂದ ಮುಂದ ಇರೋ ಮೂರು ನಾಕು ಮಂದಿ ಜೋಡಿನೇ ಎಲ್ಲಾ ಪ್ರಾಕ್ಟಿಕಲ್, ಎಲ್ಲಾ ವೈವಾ. ನನ್ನ ಗೆಳ್ಯಾರೆಲ್ಲ ಒಂದೇ ಅಕ್ಷರದವರು, ನಗಬ್ಯಾಡ್ರಿ. ಬ್ಯಾಚಿನ್ಯಾಗ ಮಂದಿ ಕಡಿಮಿ ಇದ್ದಷ್ಟು ಕೈಗೆ ಕೆಲಸ ಬರ್ತದ, ಬಾಯಿಗೆ ಮಾತೂ ಬರ್ತದ. ಒಂದು ಸಿಆರ್‌ಓ (ಸಿಗ್ನಲ್ ತೋರಿಸೋ ಲ್ಯಾಬ್ ಉಪಕರಣ) ಸುತ್ತ ಎಂಟು ಮಂದಿ ನಿಂತ್ರ ಮಾತು ಕಡಿಮಿ ಇರೋರು ಹಿಂದೇ ಉಳೀತಾರ, ನಾಬ್ ತಿರುವೋರು ಬ್ಯಾರೆ, ರೆಕಾರ್ಡ್ ಬರಿಯೋರು ನಾವು. ಹಂಗಾಗಿ ತಂಗಿ, ಕಾಲೇಜಿಗಿ ಹೋದ್ರ ಒಂದು ಇಸಿ ಲ್ಯಾಬಿನ ಬಾಗಿಲದಾಗ ನಿಂತು ಒಂದು ಟೇಬಲ್ಲಿಗಿ ಎಷ್ಟು ತಲಿ ಅವ ಎಣಿಸು.

ಇಂಗ್ಲಿಷ್ ಅಂಜಿಕಿ ಬಿಡು. ಸರ್ಕಾರಿ ಕೋಟಾದಾಗ ಬಂದ ಅರ್ಧ ಕ್ಲಾಸು ನಿನ್ನಂಗೇ ಇರ್ತದ, ಕಡೀ ಬೆಂಚಿನ್ಯಾಗ ಕುಂತು ಕನ್ನಡದಾಗೇ ಡೌಟ್ ಕೇಳ್ತದ. ಈಗ ವಿಟಿಯುನಾಗ ಕನ್ನಡ ಬಲ್ಲವರಿಗಿ ಸಾಂಸ್ಕೃತಿಕ ಕನ್ನಡ, ಬರದವರಿಗಿ ಬಳಕೆ ಕನ್ನಡ ಅಂತ ಪೇಪರ್ ಅದ, ಆ ಪೀರಿಯಡ್ ಬಂತಂದ್ರ ನಮ್ಮೋರು ಯಾರ‍್ಯಾರು ಅಂತ ತಾನೇ ಗೊತ್ತಾಗ್ತದ. ಹೊರಗಿನ ರಾಜ್ಯದ ಮಂದಿನೂ ಇರ್ಲಿ, ನನಗ ಇಂಗ್ಲಿಷ್ ಕಲಿಸಿದ್ದು ಒಬ್ಬ ಬಿಹಾರಿ ರೂಮ್‌ಮೇಟ್, ಅಂವಗೂ ಸರಿಯಾಗಿ ಬರ್ತಿರಲಿಲ್ಲ, ಅದಕ್ಕೇ ಇಬ್ಬರಿಗೂ ನಾಚಿಕಿ ಇರಲಿಲ್ಲ.

ಧಾರವಾಡ ಪೇಢಾ
ನೋಡವಾ ತಂಗಿ, ಎಲ್ಲಾರೂ ಕಾಲೇಜಿನ ಬಗ್ಗೆ ಹೇಳ್ಯಾರ, ಇಂಜಿನಿಯರಿಂಗೇ ಬೇಕೇನು ಅಂತ ಯಾರೂ ಕೇಳವಲ್ರು. ಗಣಿತ ಭಾಳ ಇಷ್ಟ ಅಂತ ಮೊದಲ ಬರದಿ, ಕೋಡಿಂಗ್ ಗೊತ್ತಿಲ್ಲ ಅಂದಿ, ಇಸಿ ಬಗ್ಗೆ ಒಂದ್ ಅಕ್ಷರ ಇಲ್ಲ. ಬೆಂಗಳೂರು ಮೈಸೂರು ರೋಡಿನ್ಯಾಗ ಐಎಸ್‌ಐ (ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್) ಐತಿ, ಅಲ್ಲಿ ಬಿ.ಮ್ಯಾಥ್ ಕೋರ್ಸು, ಟ್ಯೂಷನ್ ಫೀ ಇಲ್ಲ, ಉಲ್ಟಾ ಅವರ ಸ್ಟೈಪೆಂಡ್ ಕೊಡ್ತಾರ. ಎಂಟ್ರೆನ್ಸ್ ಬಿಗಿ ಇರ್ತದ, ಈ ವರ್ಷದ್ದು ಆಗಿಹೋಗೇತಿ, ಆದ್ರ ಹಿಂಗೊಂದು ಐತಿ ಅಂತ ಗೊತ್ತಿರಬೇಕು. ಟೀಚರ್ ಆಗೋ ಮನಸಿದ್ರ ಮೈಸೂರಿನ ಆರ್‌ಐಇನಾಗ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಬಿಎಸ್ಸಿ ಬಿಎಡ್ ನಾಕು ವರ್ಷ ಕೂಡೇ ಆಗ್ತದ, ಕ್ಯಾಂಪಸ್ ಶಾಂತ. ಇಲ್ಲಾ ಧಾರವಾಡಕ್ಕ ಬಂದು ಬಿಎಸ್ಸಿ ಮಾಡು. 2021ರಾಗ ಡಿಗ್ರಿ ನಾಕು ವರ್ಷ ಅಂದ್ರು, 2024ರಾಗ ತಿರುಗಿ ಮೂರಕ್ಕ ತಂದ್ರು, ಮೂರು ವರ್ಷಕ್ಕ ಕೈಯಾಗ ಡಿಗ್ರಿ. ಮಂದಿನೂ ನಿನಗ ಹೊಂದೋ ಮಂದಿ, ಸಾಹಿತ್ಯ ಸಂಗೀತ ಅಂತ ಸಂಜಿಗೆ ಏನರೆ ಇದ್ದ ಇರತೈತಿ.

ತುಂಗಾ ತೀರದಾಕಿ
ಅಣ್ಣಾರ, ಇದನ್ನ ಮನ್ಯಾಗ ಹೇಳಿದ್ರ ಬಿಎಸ್ಸಿ ಅಂದ ಕೂಡ್ಲೆ ಅವ್ವ "ಇನ್ನೇನು, ಗಂಡು ನೋಡೂಣು" ಅಂತಾಳ. ಇಂಜಿನಿಯರಿಂಗ್ ಅಂದ್ರ ನಾಕು ವರ್ಷ ಯಾರೂ ಮಾತಾಡಂಗಿಲ್ಲ. ಅದೂ ಒಂದು ಕಾರಣ, ಖರೇ ಹೇಳ್ತೀನಿ.

ಕಲ್ಪತರು ನಾಡಿನ ಅಮ್ಮ
ಅದೇ ದೊಡ್ಡ ಕಾರಣ ಮಗಳೇ. ಬರ್ಕೊಳ್ಳೋಕೆ ಸಂಕೋಚ ಬೇಡ.

ಧಾರವಾಡ ಪೇಢಾ
ಹಂಗಿದ್ರ ನನ್ನ ಮಾತು ವಾಪಸ್ ತಗೊಂಡೆ ಅಂತ ತಿಳಕೋ. ಇಸಿ ಹಾಕು, ಸಿಗ್ನಲ್ಸು ಕಂಟ್ರೋಲ್ ಸಿಸ್ಟಮ್ಸು ಅಂತ ಅದರಾಗ ಗಣಿತ ಸಾಕಷ್ಟು ಐತಿ. ಮುಂದ ಗಣಿತದ ಕಡೆ ಹೊರಳೋದಿದ್ರ ಆವಾಗ ನೋಡೂಣಂತ.

ಮೇಷ್ಟ್ರು (ರಿಟೈರ್ಡ್)
ಆಪ್ಷನ್ ಹಾಕೋ ಕ್ರಮದ ಬಗ್ಗೆ ಒಂದು ಮಾತು, ಇಲ್ಲೇ ಸುಮಾರು ಮಕ್ಕಳು ಗೊಂದಲ ಮಾಡ್ಕೊಳ್ಳೋದು. ಸಿಗುತ್ತೋ ಇಲ್ವೋ ಅಂತ ಲೆಕ್ಕ ಹಾಕಿ ಕೆಳಗಿನದನ್ನ ಮೇಲೆ ತರಬೇಡ. ಮೊದಲನೇದು ಸಿಗದಿದ್ರೆ ಎರಡನೇದು ನೋಡುತ್ತೆ, ಅದೂ ಇಲ್ಲದಿದ್ರೆ ಮೂರನೇದು. ಮೇಲೆ ದೊಡ್ಡ ಕಾಲೇಜು ಹಾಕಿದ್ದಕ್ಕೆ ಕೆಳಗಿನ ಸೀಟು ತಪ್ಪಲ್ಲ. ಆದ್ರೆ ಸಿಕ್ಕಿದ್ರೆ ಹೋಗೋಕೆ ಮನಸ್ಸಿಲ್ಲದ ಕಾಲೇಜನ್ನ "ಇರಲಿ" ಅಂತ ಮೇಲೆ ಹಾಕಿದ್ರೆ ಅದೇ ಬಂದು ಕೂರುತ್ತೆ.

ಹಳೇ ಕಟ್‌ಆಫ್ ನೋಡುವಾಗ ಜಿಎಂ (ಜನರಲ್ ಮೆರಿಟ್) ಕಾಲಮ್ ನೋಡಿ ಹೆದರಬೇಡ. ನಿನ್ನ ಕೆಟಗರಿಯ ಜೊತೆ ಕೆ, ಆರ್ ಅಂತ ಅಕ್ಷರ ಇರೋ ಕಾಲಮ್‌ಗಳಿವೆ, ಕೆ ಅಂದ್ರೆ ಕನ್ನಡ ಮೀಡಿಯಂ, ಆರ್ ಅಂದ್ರೆ ರೂರಲ್. ಕನ್ನಡ ಮೀಡಿಯಂಗೆ 5 ಪರ್ಸೆಂಟ್, ರೂರಲ್‌ಗೆ 15 ಪರ್ಸೆಂಟ್ ಸೀಟಿದೆ, ನಿನ್ನ ಹದಿನೇಳು ಸಾವಿರ ಅಲ್ಲಿ ಬೇರೆ ಬೆಲೆ ತರುತ್ತೆ. ಮಾಕ್ ಅಲಾಟ್‌ಮೆಂಟ್ (ಅಣಕು ಸೀಟು ಹಂಚಿಕೆ) ಬಂದಾಗ ಎಲ್ಲಿ ನಿಂತಿದ್ದೀಯ ಅಂತ ಅಂದಾಜು ಸಿಗುತ್ತೆ, ಅದಾದ ಮೇಲೆ ಕ್ರಮ ಬದಲಾಯಿಸೋಕೆ ಅವಕಾಶ ಕೊಡ್ತಾರೆ. ಮೊದಲ ಸುತ್ತಲ್ಲಿ ಸೀಟು ಬಂದು ಇಷ್ಟ ಆದ್ರೆ ಚಾಯ್ಸ್ 1. ಇದೂ ಇರಲಿ, ಮೇಲಿನದಕ್ಕೂ ಕಾಯ್ತೀನಿ ಅಂದ್ರೆ ಚಾಯ್ಸ್ 2, ಮೇಲಿನದು ಸಿಕ್ಕಿದ ಕ್ಷಣ ಹಳೇದು ತಾನಾಗೇ ಹೋಗುತ್ತೆ, ಬೇಕು ಅಂದ್ರೂ ವಾಪಸ್ ಬರಲ್ಲ. ಚಾಯ್ಸ್ 3 ಅಂದ್ರೆ ಬಂದ ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗೋದು, 4 ಅಂದ್ರೆ ಪೂರ್ತಿ ಹೊರಗೆ.

ತುಂಗಾ ತೀರದಾಕಿ
ಎಲ್ಲಾರಿಗೂ ಶರಣ್ರಿ. ಅಪ್ಪನ ಜೋಡಿ ಕೂತು ಸದ್ಯಕ್ಕ ಹಿಂಗ ಬರದೀನಿ: ಹುಬ್ಬಳ್ಳಿ ಬಿವಿಬಿ ಇಸಿ ಮೊದಲು, ಆಮ್ಯಾಲ ಯುವಿಸಿಇ ಇಸಿ, ಮೂರನೇದು ಹುಬ್ಬಳ್ಳಿ ಸಿಎಸ್, ನಾಕನೇದು ಎನ್‌ಐಇ ಇಸಿ, ಕಡೀಕ ದಾವಣಗೆರಿ ಎರಡೂ, ಹಾಸ್ಟೆಲ್ ಹಿಡದ. ಗ್ಯಾರಂಟಿ ಕಾಲೇಜು ತಗದ್ ಒಗದ್ವಿ. ಯುವಿಸಿಇ ಮ್ಯಾಲ ಬರಬೇಕೋ ಹುಬ್ಬಳ್ಳಿನೋ ಅಂತ ಇನ್ನೂ ಜಗಳ ನಡದೈತಿ, ಅಪ್ಪಗ ಬೆಂಗಳೂರು ಆಸೆ ಪೂರಾ ಹೋಗಿಲ್ಲ, ಫೀಸೂ ಅಲ್ಲಿ ಕಡಿಮಿ. ಮಂಗಳವಾರ ಹುಬ್ಬಳ್ಳಿಗೆ ಹೊಂಟೀವಿ. ಕ್ಯಾಂಟೀನು, ಲ್ಯಾಬಿನ ಬಾಗಲಾ, ವಾಲಿಬಾಲ್ ನೆಟ್ಟು, ಹಾಸ್ಟೆಲ್ ಗೇಟು ಎಲ್ಲಾ ಚೀಟ್ಯಾಗ ಬರಕೊಂಡೀನಿ.

ಸಿಲಿಕಾನ್ ಸಿದ್ದ
ಸಿಎಸ್ ಮೂರನೇದಾ 😑 ಆಯ್ತಮ್ಮ. ಬಿವಿಬಿಯೋರು ನಮ್ಮ ಆಫೀಸಲ್ಲಿ ಇಬ್ರು ಇದಾರೆ, ಲಂಚಿಗೆ ಇಬ್ರೇ ಕೂತು ಅದೇನೋ ಚಟ್ನಿಪುಡಿ ಹಂಚ್ಕೊಂಡು ತಿಂತಾರೆ, ನಮಗೆ ಕೊಡಲ್ಲ. ಮಾತಾಡಿಸ್ಬೇಕಂದ್ರೆ ಹೇಳು, ಕೇಳಿ ನಂಬರ್ ಮೆಸೇಜ್ ಮಾಡ್ತೀನಿ.

ಕುಡ್ಲದ ಗಾಳಿ
ಸಂಜೆ ಐದೂವರೆ ತನಕ ಇದ್ದು ಬನ್ನಿ ಆಯ್ತಾ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಹೊರಟ್ರೆ ಗ್ರೌಂಡ್ ಖಾಲಿಯೇ ಕಾಣುದು.

ಹೊಸ ಅಡ್ಮಿಷನ್
ಸರ್ ನನ್ನ ತಮ್ಮಂದು 82 ಸಾವಿರ ರ‍್ಯಾಂಕ್, 3ಬಿ, ಮೆಕ್ಯಾನಿಕಲ್ ಸಿಕ್ಕಿದ್ರೂ ಸಾಕು ಅಂತಿದಾನೆ, ಕ್ರಿಕೆಟ್ ಜಾಸ್ತಿ, ಓದು ಕಡಿಮೆ, ಶಿವಮೊಗ್ಗ ಹಾಕ್ಲಾ ತುಮಕೂರು ಹಾಕ್ಲಾ?

ಮೇಷ್ಟ್ರು (ರಿಟೈರ್ಡ್)
ಬೇರೆ ಪೋಸ್ಟ್ ಹಾಕಪ್ಪ, ಬರ್ತೀನಿ. ಅವನನ್ನೇ ಬರೆಯೋಕೆ ಹೇಳು.